ಆಫ್‌ಸೈಡ್ ನಿಯಮದಲ್ಲಿ ಗೋಲ್‌ಕೀಪರನ ಸ್ಥಾನ: ಒಂದು ಚಾರಿತ್ರಿಕ ವಿಚಾರ

ಶಾಸನ, ಛಂದಸ್ಸು, ಕವಿಕಾಲನಿರ್ಣಯ ಮೊದಲಾದ ವಿಷಯಗಳಿಗೆ ಮೀಸಲಾದ ಪುಟಗಳಲ್ಲಿ ಕಾಲ್ಚೆಂಡಾಟದ ಒಂದು ನಿಯಮವನ್ನು ಕುರಿತು ಬರೆಯಹೊರಟಿರುವುದು ಕೆಲವರು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ವಿಷಯವು ಆಟದ್ದಾದರೂ ವಿಚಾರವು ನಮ್ಮದೇ ಆಗಿದೆ. ಒಂದು ವಿಧಿವಾಕ್ಯದಲ್ಲಿ ಇಲ್ಲದ ಪದವನ್ನು ಲೋಕವು ರೂಢಿಯಿಂದ ಅದರೊಳಗೆ ಸೇರಿಸಿ ಓದಿಕೊಂಡರೆ ಅರ್ಥವು ಹೇಗೆ ಕೆಡುತ್ತದೆ, ಆ ವಾಕ್ಯವು ಹುಟ್ಟಿ ಬೆಳೆದ ಚರಿತ್ರೆಯನ್ನು ನೋಡಿದರೆ ಅದು ಹೇಗೆ ಸರಿಯಾಗುತ್ತದೆ ಎಂಬುದೇ ಈ ಲೇಖನದ ವಿಷಯವು. ಇದನ್ನು ಬರೆಯಲು ಮತ್ತೊಂದು ಕಾರಣವೂ ಉಂಟು. ಈ ನಿಯಮವನ್ನು ತಿಳಿಯದೆಯೇ ನಾನು ಒಮ್ಮೆ ತೀರ್ಪು ಕೊಟ್ಟಿದ್ದೇನೆ. ಆ ತೀರ್ಪು ತಪ್ಪಾಗಿತ್ತು.

ನಡೆದ ಸಂಗತಿಯನ್ನು ಮೊದಲು ಹೇಳುವೆನು. ಭೀಮಾನದಿಯ ಸೀಮೆಯಲ್ಲಿ ಅಫಜಲಪುರದ ಬಳಿ, ತೊಗರಿ ಕೊಯ್ದು ಬರಿದಾದ ಒಂದು ಬಯಲಿನಲ್ಲಿ ಆಳಂದದ ಕಡೆಯ ಹುಡುಗರಿಗೂ ಜೇವರ್ಗಿಯ ಕಡೆಯ ಹುಡುಗರಿಗೂ ಕಾಲ್ಚೆಂಡಿನ ಪಂದ್ಯವಾಯಿತು. ಬಹುಮಾನ ಹಂಚಲೆಂದು ಕರೆದಿದ್ದುದರಿಂದ ನಾನು ಬೇವಿನ ಮರದ ನೆರಳಿನಲ್ಲಿ ಕುಳಿತಿದ್ದೆನು. ಎರಡು ಪಕ್ಷಗಳೂ ಸಮವಾಗಿದ್ದು, ಆಟವು ಇನ್ನೇನು ಮುಗಿಯುವುದರಲ್ಲಿದ್ದಾಗ ಆಳಂದದವರು ದೂರದಿಂದ ಚೆಂಡನ್ನು ಎತ್ತರಕ್ಕೆ ಒದೆದರು. ಜೇವರ್ಗಿಯ ಗೋಲ್‌ಕೀಪರನು ಗೋಲನ್ನು ಬಿಟ್ಟು ಮುಂದಕ್ಕೆ ಓಡಿ ಅದನ್ನು ಮುಷ್ಟಿಯಿಂದ ಹೊಡೆದನು. ಚೆಂಡು ಆಳಂದದ ಮತ್ತೊಬ್ಬನ ಕಾಲಿಗೆ ಸಿಕ್ಕಿತು. ಅವನು ಕೂಡಲೇ ಅದನ್ನು ಮುಂದಿದ್ದ ತನ್ನ ಸಂಗಡಿಗನಿಗೆ ದಾಟಿಸಿದನು. ಆ ಸಂಗಡಿಗನು ಗೋಲ್‌ಕೀಪರನನ್ನು ಹಿಂದೆ ಹಾಕಿ, ಗೋಲಿಗೆ ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದನು. ಗೋಲುಗೆರೆಯ ಮೇಲೆ ಜೇವರ್ಗಿಯವನು ಒಬ್ಬನೇ ಇದ್ದನು. ಚೆಂಡು ಅವನನ್ನು ದಾಟಿ ಗೋಲಿನೊಳಕ್ಕೆ ಹೋಯಿತು.

ಕೂಡಲೇ ವಿವಾದವೆದ್ದಿತು. ಸೀಟಿ ಹಿಡಿದಿದ್ದ ಹಿರಿಯ ವಿದ್ಯಾರ್ಥಿಯು ಹಿಂದೆ ಮುಂದೆ ನೋಡಿದನು. ಶಾಸ್ತ್ರ ಬಲ್ಲವರು ಹೇಳಲಿ ಎಂದು ಎರಡು ಕಡೆಯವರೂ ನನ್ನ ಬಳಿಗೆ ಬಂದರು. ನಾನು ಲೋಕದಲ್ಲಿ ಕೇಳಿದ್ದ ಮಾತನ್ನೇ ನಂಬಿ, ಗೋಲ್‌ಕೀಪರನಲ್ಲದೆ ಇನ್ನೊಬ್ಬನು ಗೋಲಿನ ಬಳಿ ಇದ್ದನೋ ಇಲ್ಲವೋ ಎಂದು ಕೇಳಿದೆನು. "ಒಬ್ಬಾವ ಇದ್ದನ್ರಿ, ಗುರುಗಳೇ" ಎಂದರು. ಹಾಗಾದರೆ ಆಫ್‌ಸೈಡ್ ಇಲ್ಲ, ಗೋಲು ಸಲ್ಲುತ್ತದೆ ಎಂದೆನು. ಸೋತವರು ಸೋಲಿನ ಹೊರೆಯನ್ನೆಲ್ಲ ಜಾಗ ಬಿಟ್ಟು ಓಡಿದ ಗೋಲ್‌ಕೀಪರನ ಮೇಲೆ ಹೊರಿಸಿದರು. "ನಾ ಚೆಂಡಿಗೇ ಹೋಗಿದ್ದೆನ್ರಿ" ಎಂದಷ್ಟೇ ಹೇಳಿ ಆ ಹುಡುಗನು ತಲೆತಗ್ಗಿಸಿ ನಡೆದನು. ಮನೆಗೆ ಬಂದ ಬಳಿಕ ನಿಯಮಗ್ರಂಥವನ್ನು ತರಿಸಿ ಓದಿದೆನು. ಆಗ ತಪ್ಪು ಆ ಹುಡುಗನದಲ್ಲ, ನನ್ನದು ಎಂಬುದು ಸ್ಪಷ್ಟವಾಯಿತು.

ಪೂರ್ವಪಕ್ಷ

ಆಫ್‌ಸೈಡ್ ಎಂದರೇನು ಎಂದು ನಮ್ಮ ಕಡೆಯಲ್ಲಿ ವಿಚಾರಿಸಿದರೆ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ಎದುರು ಪಕ್ಷದ ಗೋಲ್‌ಕೀಪರನಲ್ಲದೆ ಇನ್ನೊಬ್ಬ ಎದುರಾಳಿಯು ಗೋಲಿನ ಕಡೆಗೆ ಇದ್ದರೆ ಸಾಕು, ದೋಷವಿಲ್ಲವೆಂಬುದು ಮೊದಲನೆಯದು. ಗೋಲ್‌ಕೀಪರನೂ ಇರಬೇಕು, ಅವನ ಜೊತೆಗೆ ಇನ್ನೊಬ್ಬನೂ ಇರಬೇಕು. ಇಲ್ಲದಿದ್ದರೆ ದೋಷವೆಂಬುದು ಎರಡನೆಯದು. ಗೋಲ್‌ಕೀಪರನು ತನ್ನ ಗೋಲಿನಲ್ಲಿಯೇ ನಿಂತಿರುವವರೆಗೆ ಈ ಎರಡರ ಫಲವೂ ಒಂದೇ ಆಗಿರುವುದರಿಂದ ಭೇದವು ಯಾರಿಗೂ ಗೋಚರವಾಗುವುದಿಲ್ಲ. ಅವನು ಸ್ಥಾನವನ್ನು ಬಿಟ್ಟು ಮುಂದೆ ಬಂದ ಕ್ಷಣದಲ್ಲಿ ಎರಡು ಲಕ್ಷಣಗಳೂ ದುಷ್ಟವಾಗುತ್ತವೆ.

ಅದು ಹೇಗೆಂದರೆ: ಗೋಲ್‌ಕೀಪರನು ಮುಂದೆ ಬಂದು, ಗೋಲಿನ ಬಳಿ ಒಬ್ಬನೇ ರಕ್ಷಕನು ಉಳಿದಿದ್ದಾಗ, ಅವರಿಬ್ಬರ ನಡುವೆ ನಿಂತು ಚೆಂಡು ಪಡೆಯುವವನು ನಿಜವಾಗಿ ಆಫ್‌ಸೈಡ್ ಆಗಿರುತ್ತಾನೆ, ಮೊದಲನೆಯ ಲಕ್ಷಣವು ಅವನನ್ನು ಹಿಡಿಯುವುದಿಲ್ಲ. ಇದು ಅವ್ಯಾಪ್ತಿ. ಗೋಲ್‌ಕೀಪರನು ಮುಂದೆ ಬಂದು, ಗೋಲಿನ ಬಳಿ ಇಬ್ಬರು ರಕ್ಷಕರು ಉಳಿದಿದ್ದರೆ, ಆ ಇಬ್ಬರ ಮುಂದೆ ನಿಂತವನಲ್ಲಿ ದೋಷವೇ ಇಲ್ಲ. ಎರಡನೆಯ ಲಕ್ಷಣವು ಅವನನ್ನು ದೋಷಿಯೆನ್ನುತ್ತದೆ. ಇದು ಅತಿವ್ಯಾಪ್ತಿ. ನಾನು ಕೊಟ್ಟ ತೀರ್ಪು ಮೊದಲನೆಯ ಬಗೆಯದಾಗಿತ್ತು.

ಇನ್ನು ಈಗ ಜಾರಿಯಲ್ಲಿರುವ ನಿಯಮವನ್ನು ನೋಡೋಣ. ಕಾಲ್ಚೆಂಡಾಟದ ಹದಿನೇಳು ನಿಯಮಗಳಲ್ಲಿ ಹನ್ನೊಂದನೆಯದು ಆಫ್‌ಸೈಡನ್ನು ಕುರಿತದ್ದು. ಅದರ ಸಾರವಿಷ್ಟು: ಸಂಗಡಿಗನು ಚೆಂಡನ್ನು ಆಡಿದ ಕ್ಷಣದಲ್ಲಿ ಆಟಗಾರನು ಎದುರು ಪಕ್ಷದ ಅರ್ಧದಲ್ಲಿದ್ದು, ಚೆಂಡಿಗಿಂತಲೂ, ಕೊನೆಯಿಂದ ಎರಡನೆಯವನಾದ ಎದುರಾಳಿಗಿಂತಲೂ ಗೋಲುಗೆರೆಗೆ ಹತ್ತಿರವಾಗಿದ್ದರೆ ಅವನು ಆಫ್‌ಸೈಡ್ ಸ್ಥಾನದಲ್ಲಿರುತ್ತಾನೆ. ಆ ಎದುರಾಳಿಯ ಸಮಕ್ಕೆ ಇದ್ದರೆ ದೋಷವಿಲ್ಲ. ಅಂತಹ ಸ್ಥಾನದಲ್ಲಿ ಸುಮ್ಮನೆ ಇರುವುದೂ ಅಪರಾಧವಲ್ಲ; ಅಲ್ಲಿದ್ದುಕೊಂಡು ಚೆಂಡನ್ನು ಆಡಿದರೆ, ಎದುರಾಳಿಗೆ ಅಡ್ಡಿ ಮಾಡಿದರೆ, ಅಥವಾ ಕಂಬಕ್ಕೆ ಬಡಿದೋ ರಕ್ಷಕನು ತಡೆದೋ ಹಿಂದಿರುಗಿದ ಚೆಂಡಿನಿಂದ ಲಾಭ ಪಡೆದರೆ ಮಾತ್ರ ಅಪರಾಧವು. ಗೋಲ್‌ಕಿಕ್, ಥ್ರೋ, ಕಾರ್ನರ್ ಇವುಗಳಿಂದ ನೇರವಾಗಿ ಚೆಂಡು ಬಂದರೆ ನಿಯಮವು ಪ್ರವರ್ತಿಸುವುದಿಲ್ಲ. ಸ್ಥಾನವನ್ನು ನಿರ್ಣಯಿಸುವ ಈ ಲಕ್ಷಣದಲ್ಲಿ ಗೋಲ್‌ಕೀಪರನೆಂಬ ಪದವೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಕೊನೆಯಿಂದ ಎರಡನೆಯವನು ಯಾರಾದರೂ ಆಗಬಹುದು.

ನಿಯಮವು ಹುಟ್ಟಿದ ಬಗೆ

ಹೀಗಿರಲು, ಇಲ್ಲದ ಪದವು ಲೋಕದ ಓದಿನಲ್ಲಿ ಹೇಗೆ ಸೇರಿತು? ಆ ಪದವು ನಿಯಮದಲ್ಲಿ ಮೊದಲಿದ್ದು ಅನಂತರ ಬಿದ್ದುಹೋಯಿತೋ, ಅಥವಾ ಎಂದೂ ಇರಲೇ ಇಲ್ಲವೋ? ಇದನ್ನು ಚರಿತ್ರೆಯಿಂದಲೇ ತಿಳಿಯಬೇಕು.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಒಂದೊಂದು ವಿದ್ಯಾಶಾಲೆಯೂ ಒಂದೊಂದು ಬಗೆಯ ಕಾಲ್ಚೆಂಡನ್ನು ಆಡುತ್ತಿತ್ತು. ಈಟನ್ ಶಾಲೆಯಲ್ಲಿ ಚೆಂಡಿನ ಮುಂದೆ ಹೋಗಿ ಹೊಂಚುಹಾಕುವುದಕ್ಕೆ ಸ್ನೀಕಿಂಗ್, ಎಂದರೆ ಕಳ್ಳನಂತೆ ನುಸುಳುವುದು, ಎಂಬ ಹೆಸರಿದ್ದಿತು. ಹೆಸರೇ ಸೂಚಿಸುವಂತೆ ಮೊದಲು ಇದನ್ನು ಶೀಲದ ದೋಷವೆಂದು ಎಣಿಸುತ್ತಿದ್ದರು. ಕೇಂಬ್ರಿಜ್ ವಿದ್ಯಾರ್ಥಿಗಳ ೧೮೫೬ನೆಯ ಇಸವಿಯ ನಿಯಮಾವಳಿಯಲ್ಲಿ, ತನ್ನ ಮುಂದೆ ಮೂವರಿಗಿಂತ ಹೆಚ್ಚು ಎದುರಾಳಿಗಳು ಇಲ್ಲದಿದ್ದರೆ ಹಿಂದಿನಿಂದ ಬಂದ ಚೆಂಡನ್ನು ಆಟಗಾರನು ಮುಟ್ಟಕೂಡದೆಂದೂ, ಚೆಂಡಿಗೂ ಎದುರಾಳಿಗಳ ಗೋಲಿಗೂ ನಡುವೆ ಯಾರೂ ಸುಳಿದಾಡುತ್ತಿರಕೂಡದೆಂದೂ ವಿಧಿಸಿದೆ. ನಡತೆಯನ್ನು ಸಂಖ್ಯೆಯಿಂದ ಅಳೆಯುವ ಕ್ರಮವು ಇಲ್ಲಿ ಕಾಣುತ್ತದೆ.

೧೮೬೩ನೆಯ ಇಸವಿಯ ಅಕ್ಟೋಬರ್ ೨೬ರಂದು ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಎಂಬ ಸಂಘವು ಸ್ಥಾಪಿತವಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಅದು ಅಂಗೀಕರಿಸಿದ ಮೊದಲ ನಿಯಮಾವಳಿಯ ಆರನೆಯ ನಿಯಮವು ಬಹು ಕಠಿಣವಾಗಿತ್ತು. ಚೆಂಡಿಗಿಂತ ಮುಂದಿರುವ ಸ್ವಪಕ್ಷದವನು ಯಾವನೇ ಆಗಲಿ ಆಟದಿಂದ ಹೊರಗೆ ಎಂದು ಅದು ವಿಧಿಸಿತು. ಚೆಂಡನ್ನು ಗೋಲುಗೆರೆಯ ಹಿಂದಿನಿಂದ ಒದೆದಾಗ ಮಾತ್ರ ವಿನಾಯಿತಿ. ಇದರಿಂದ ಚೆಂಡನ್ನು ಮುಂದಕ್ಕೆ ದಾಟಿಸುವುದೇ ಅಸಾಧ್ಯವಾಯಿತು. ಮೂರು ವರ್ಷಗಳ ಬಳಿಕ, ೧೮೬೬ರಲ್ಲಿ, ಸಂಘವು ಇದನ್ನು ಸಡಿಲಿಸಿ, ತನಗೂ ಗೋಲಿಗೂ ನಡುವೆ ಕನಿಷ್ಠ ಮೂವರು ಎದುರಾಳಿಗಳಿದ್ದರೆ ದೋಷವಿಲ್ಲವೆಂದು ನಿರ್ಣಯಿಸಿತು. ಮೂವರು ಎಂಬ ಈ ಸಂಖ್ಯೆಯು ಸುಮಾರು ಅರವತ್ತು ವರ್ಷಗಳ ಕಾಲ ನಿಂತಿತು.

ಆಮೇಲಿನ ಬೆಳವಣಿಗೆಯೆಲ್ಲ ನಿಷೇಧದ ಸಂಕೋಚವೇ ಆಗಿದೆ. ೧೯೦೭ರಲ್ಲಿ ತನ್ನ ಅರ್ಧದಲ್ಲಿ ಇರುವವನಿಗೆ ದೋಷವಿಲ್ಲವೆಂದಾಯಿತು. ೧೯೨೦ರಲ್ಲಿ ಥ್ರೋ ಎಸೆತವನ್ನು ನಿಯಮದಿಂದ ಹೊರಗಿಟ್ಟರು. ಈ ನಡುವೆ ನ್ಯೂಕಾಸಲ್ ಯುನೈಟೆಡ್ ತಂಡದ ಬಿಲ್ ಮೆಕ್ರಾಕೆನ್ ಮೊದಲಾದ ರಕ್ಷಕರು, ಚೆಂಡು ಹೊರಡುವ ಹೊತ್ತಿಗೆ ಒಂದು ಹೆಜ್ಜೆ ಮುಂದೆ ಸರಿದು ಎದುರಾಳಿಯನ್ನು ಆಫ್‌ಸೈಡ್ ಬೋನಿನಲ್ಲಿ ಕೆಡಹುವ ಉಪಾಯದಲ್ಲಿ ನಿಪುಣರಾದರು. ಮೂವರು ಬೇಕೆಂಬ ನಿಯಮವಿದ್ದುದರಿಂದ ಒಬ್ಬ ರಕ್ಷಕನು ಮುಂದೆ ಸರಿದರೂ ಅವನ ಹಿಂದೆ ಇನ್ನೊಬ್ಬ ರಕ್ಷಕನೂ ಗೋಲ್‌ಕೀಪರನೂ ಕಾವಲಿಗೆ ಉಳಿಯುತ್ತಿದ್ದರು. ಉಪಾಯವು ಕೆಟ್ಟರೂ ಅಪಾಯವು ಅಲ್ಪವಾಗಿತ್ತು. ಆಟವು ಪದೇ ಪದೇ ನಿಲ್ಲುತ್ತ ಬಂದುದರಿಂದ ಸ್ಕಾಟ್ಲೆಂಡಿನ ಸಂಘವು ಸೂಚನೆ ಮಾಡಲು, ೧೯೨೫ರ ಜೂನ್ ತಿಂಗಳಿನಲ್ಲಿ ಮೂವರು ಎಂಬುದು ಇಬ್ಬರು ಎಂದು ಬದಲಾಯಿತು. ಇದರ ಫಲವನ್ನು ಅಂಕಗಳೇ ಹೇಳುತ್ತವೆ. ಇಂಗ್ಲಿಷ್ ಫುಟ್‌ಬಾಲ್ ಲೀಗಿನ ಪಂದ್ಯಗಳಲ್ಲಿ ೧೯೨೪-೨೫ರಲ್ಲಿ ಆದ ಗೋಲುಗಳು ೪,೭೦೦. ಮರುವರ್ಷ ಆದವು ೬,೩೭೩. ೧೯೯೦ರಲ್ಲಿ ಸಮಕ್ಕೆ ಇರುವವನೂ ನಿರ್ದೋಷಿಯೆಂದಾಯಿತು. ೨೦೨೨ರ ವಿಶ್ವಕಪ್ ಪಂದ್ಯಗಳಲ್ಲಿ ಯಂತ್ರಗಳ ಸಹಾಯದಿಂದ ಆಟಗಾರನ ಮೈಯನ್ನು ಅಂಗುಲದ ಲೆಕ್ಕದಲ್ಲಿ ಅಳೆದರು. ಆದರೆ ಇಬ್ಬರು ಎಂಬ ಎಣಿಕೆಯು ಮಾತ್ರ ೧೯೨೫ರಿಂದ ಇಂದಿನವರೆಗೆ ಹಾಗೆಯೇ ಇದೆ.

ಗೋಲ್‌ಕೀಪರನು ಬಂದ ಬಗೆ

ಇನ್ನು ಗೋಲ್‌ಕೀಪರನ ಚರಿತ್ರೆಯನ್ನು ನೋಡಬೇಕು. ೧೮೬೩ರ ನಿಯಮಾವಳಿಯಲ್ಲಿ ಅವನ ಸುಳಿವೇ ಇಲ್ಲ. ಆಗ ಚೆಂಡನ್ನು ನೆಲಕ್ಕೆ ಬೀಳುವ ಮೊದಲು ಕೈಯಿಂದ ಹಿಡಿಯುವ ಅವಕಾಶವು ಎಲ್ಲರಿಗೂ ಇದ್ದಿತು. ಕ್ರಮೇಣ ಆ ಅವಕಾಶವು ಹೋಗಿ, ೧೮೭೦ರ ಹೊತ್ತಿಗೆ ಕೈಯ ಬಳಕೆಯು ಎಲ್ಲರಿಗೂ ನಿಷಿದ್ಧವಾಯಿತು. ಮರುವರ್ಷ, ೧೮೭೧ರಲ್ಲಿ, ಗೋಲಿನ ರಕ್ಷಣೆಗಾಗಿ ಕೈಗಳನ್ನು ಬಳಸುವ ಸ್ವಾತಂತ್ರ್ಯವುಳ್ಳ ಒಬ್ಬನೇ ಒಬ್ಬ ಆಟಗಾರನನ್ನು ಸಂಘದ ನಿಯಮವು ಹೆಸರಿಸಿತು. ಅವನೇ ಗೋಲ್‌ಕೀಪರನು.

ಇಲ್ಲಿ ವ್ಯಾಕರಣಶಾಸ್ತ್ರದ ಪರಿಚಯವುಳ್ಳವರಿಗೆ ಉತ್ಸರ್ಗ ಮತ್ತು ಅಪವಾದಗಳ ಸಂಬಂಧವು ಕೂಡಲೇ ಸ್ಫುರಿಸುತ್ತದೆ. ಕೈಯನ್ನು ಬಳಸಕೂಡದೆಂಬುದು ಉತ್ಸರ್ಗ. ಗೋಲ್‌ಕೀಪರನು ಬಳಸಬಹುದೆಂಬುದು ಅಪವಾದ. ಸಾಮಾನ್ಯನಿಷೇಧವು ೧೮೭೦ರಲ್ಲಿ ಪೂರ್ಣವಾದ ಮೇಲೆಯೇ ೧೮೭೧ರಲ್ಲಿ ವಿಶೇಷವಿಧಿಯು ಹುಟ್ಟಿತೆಂಬುದು ಸಹಜವಾಗಿಯೇ ಇದೆ. ನಿಷೇಧವಿಲ್ಲದ ಕಡೆ ಅಪವಾದಕ್ಕೆ ಕೆಲಸವೇನು? ಆ ಅಪವಾದದ ಕ್ಷೇತ್ರವೂ ಮುಂದೆ ಸಂಕುಚಿತವಾಗುತ್ತ ಬಂದಿದೆ. ಮೊದಲು ಅವನು ಪೆನಾಲ್ಟಿ ಆವರಣದ ಹೊರಗೂ ತನ್ನ ಅರ್ಧದಲ್ಲೆಲ್ಲ ಚೆಂಡನ್ನು ಕೈಯಿಂದ ಆಡಬಹುದಾಗಿತ್ತು. ೧೯೧೨ರಲ್ಲಿ ಆ ಹಕ್ಕು ಆವರಣದೊಳಕ್ಕೆ ಸೀಮಿತವಾಯಿತು. ೧೯೧೧ರ ಜುಲೈ ೨೯ರಂದು ಕಲ್ಕತ್ತೆಯಲ್ಲಿ ಮೋಹನ್ ಬಗಾನ್ ತಂಡವು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ೨–೧ರಿಂದ ಸೋಲಿಸಿ ಐ. ಎಫ್. ಎ. ಶೀಲ್ಡನ್ನು ಗೆದ್ದಾಗ ಗೋಲು ಕಾಯ್ದ ಹೀರಾಲಾಲ ಮುಖರ್ಜಿಯವರಿಗೆ ಆ ಕಾಲದ ನಿಯಮದಂತೆ ಹಳೆಯ ವಿಶಾಲವಾದ ಹಕ್ಕು ಇದ್ದಿತು. ಆಫ್‌ಸೈಡಿನ ಎಣಿಕೆಯೂ ಆಗ ಮೂವರದೇ ಆಗಿತ್ತು. ಉಳಿದವರಿಂದ ಬೇರೆಯಾಗಿ ಕಾಣುವಂತೆ ಗೋಲ್‌ಕೀಪರನು ಬೇರೆ ಬಣ್ಣದ ಅಂಗಿಯನ್ನು ತೊಡಬೇಕೆಂಬುದು ೧೯೦೯ರ ಏರ್ಪಾಡು. ಸಂಗಡಿಗನು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಅವನು ಕೈಯಿಂದ ಮುಟ್ಟಕೂಡದೆಂಬುದು ೧೯೯೨ರಲ್ಲಿ ಬಂದಿತು.

ಸಿದ್ಧಾಂತ

ಈಗ ಎರಡು ಚರಿತ್ರೆಗಳನ್ನೂ ಒಟ್ಟಿಗೆ ಇಟ್ಟು ನೋಡಬಹುದು. ಎದುರಾಳಿಗಳನ್ನು ಎಣಿಸುವ ನಿಯಮವು ಸಂಘದಲ್ಲಿ ೧೮೬೬ರದು, ಗೋಲ್‌ಕೀಪರನು ೧೮೭೧ರವನು. ಎಣಿಕೆಯು ಮೊದಲು, ಗೋಲ್‌ಕೀಪರನು ಐದು ವರ್ಷಗಳ ಬಳಿಕ. ತನ್ನ ನಿಯಮಾವಳಿಯಲ್ಲಿ ಇನ್ನೂ ಹೆಸರು ಪಡೆಯದ ಅಧಿಕಾರಿಯನ್ನು ಸಂಘವು ಎಣಿಕೆಯಲ್ಲಿ ಉದ್ದೇಶಿಸಿತ್ತೆಂದು ಹೇಳಲು ಬರುವುದಿಲ್ಲ. ೧೮೬೬ರ ಮೂವರೂ ಸಮಾನರಾದ ಎದುರಾಳಿಗಳೇ. ೧೯೨೫ರಲ್ಲಿ ಮೂರು ಎಂಬುದು ಎರಡಾಯಿತೇ ಹೊರತು ಎಣಿಸಲ್ಪಡುವವರ ಸ್ವರೂಪವು ಬದಲಾಗಲಿಲ್ಲ. ಆದ್ದರಿಂದ ಗೋಲ್‌ಕೀಪರನೆಂಬ ಪದವು ಈ ನಿಯಮದಿಂದ ಬಿದ್ದುಹೋದದ್ದಲ್ಲ. ಎಂದೂ ಅಲ್ಲಿ ಇರಲಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಲಂಡನ್ನಿನ ಸಂಘಕ್ಕಿಂತ ಬೇರೆಯಾಗಿ ತನ್ನದೇ ನಿಯಮಗಳಿಂದ ಆಡುತ್ತಿದ್ದ ಶೆಫೀಲ್ಡ್ ನಗರದವರು ೧೮೬೦ರ ದಶಕದಲ್ಲಿಯೇ ತಮ್ಮ ಆಫ್‌ಸೈಡ್ ನಿಯಮದಲ್ಲಿ ಗೋಲ್‌ಕೀಪರನನ್ನು ಹೆಸರಿಸಿದ್ದರಲ್ಲವೇ? ಅವರು ಹೆಸರಿಸಿದ್ದುದು ನಿಜ. ಎದುರು ಪಕ್ಷದ ಗೋಲಿಗೂ ಗೋಲ್‌ಕೀಪರನಿಗೂ ನಡುವೆ ಇರುವವನು ದೋಷಿಯೆಂದು ಅವರ ಮತವು. ಆದರೆ ಆ ಪದಕ್ಕೆ ಅವರು ಕೊಟ್ಟ ಲಕ್ಷಣವನ್ನು ನೋಡಬೇಕು. ರಕ್ಷಿಸುವ ಪಕ್ಷದಲ್ಲಿ ಆ ಹೊತ್ತಿಗೆ ತನ್ನ ಗೋಲಿಗೆ ಎಲ್ಲರಿಗಿಂತ ಹತ್ತಿರವಾಗಿ ಇರುವವನು ಯಾವನೋ ಅವನೇ ಗೋಲ್‌ಕೀಪರನೆಂದು ಅವರು ಹೇಳಿದ್ದಾರೆ. ಅಲ್ಲಿ ಪದವು ಯೌಗಿಕವಾದದ್ದು, ರೂಢವಲ್ಲ. ಒಬ್ಬ ನಿಯತ ವ್ಯಕ್ತಿಯನ್ನು ಅದು ಹೇಳುವುದಿಲ್ಲ. ಕ್ಷಣಕ್ಷಣಕ್ಕೂ ಬದಲಾಗಬಹುದಾದ ಒಂದು ಸ್ಥಾನವನ್ನು ಹೇಳುತ್ತದೆ. ಹೀಗೆ ಶೆಫೀಲ್ಡಿನ ಸಾಕ್ಷ್ಯವೂ ನಮ್ಮ ಪಕ್ಷವನ್ನೇ ಬಲಪಡಿಸುತ್ತದೆ. ೧೮೭೭ರಲ್ಲಿ ಶೆಫೀಲ್ಡಿನವರು ಲಂಡನ್ನಿನ ಸಂಘದ ನಿಯಮಗಳನ್ನೇ ಒಪ್ಪಿಕೊಂಡರು.

ಮೀಮಾಂಸಕರು ವಾಕ್ಯದಲ್ಲಿ ಯಾವುದು ವಿವಕ್ಷಿತ, ಯಾವುದು ಅವಿವಕ್ಷಿತವೆಂದು ವಿಚಾರಿಸುತ್ತಾರೆ. ಸೋಮಪಾತ್ರವನ್ನು ಒರೆಸಬೇಕೆಂಬ ವಿಧಿಯಲ್ಲಿ ಪಾತ್ರದ ಏಕವಚನವು ವಿವಕ್ಷಿತವಲ್ಲ, ಎಲ್ಲ ಪಾತ್ರಗಳನ್ನೂ ಒರೆಸತಕ್ಕದ್ದೆಂಬುದು ಗ್ರಹೈಕತ್ವನ್ಯಾಯ. ಪಶುವಿನಿಂದ ಯಾಗ ಮಾಡಬೇಕೆಂಬಲ್ಲಿಯಾದರೋ ಪಶುವು ಒಂದೇ ಎಂಬ ಸಂಖ್ಯೆಯು ವಿವಕ್ಷಿತವೇ. ನಮ್ಮ ಆಫ್‌ಸೈಡ್ ವಾಕ್ಯದಲ್ಲಿ ಸಂಖ್ಯೆಯೇ ಪ್ರಾಣವಾಗಿರುವುದರಿಂದ ಅದು ಪೂರ್ಣವಾಗಿ ವಿವಕ್ಷಿತ. ವ್ಯಕ್ತಿವಿಶೇಷವು ಅವಿವಕ್ಷಿತ ಮಾತ್ರವಲ್ಲ, ಅನುಕ್ತವೇ ಆಗಿದೆ. ಹಾಗಾದರೆ ಲೋಕದ ಮಾತಿಗೆ ಗತಿಯೇನು? ಕಾಗೆಗಳಿಂದ ಮೊಸರನ್ನು ಕಾಯಬೇಕೆಂದು ಹೇಳಿದಾಗ ಕಾಗೆಯೆಂಬುದು ನಾಯಿ ಬೆಕ್ಕುಗಳಿಗೂ ಉಪಲಕ್ಷಣವಾಗುವಂತೆ, ಗೋಲ್‌ಕೀಪರನೆಂಬ ಲೋಕದ ಮಾತು ಕೊನೆಯಲ್ಲಿ ಉಳಿದ ಯಾವನೇ ಎದುರಾಳಿಗೂ ಉಪಲಕ್ಷಣವೆಂದು ತಿಳಿದರೆ ದೋಷವಿಲ್ಲ. ಪ್ರಾಯಶಃ ಎಲ್ಲ ಹೊತ್ತಿನಲ್ಲಿಯೂ ಕೊನೆಯವನು ಅವನೇ ಆಗಿರುವುದರಿಂದ ಲೋಕವು ಹಾಗೆ ಮಾತನಾಡಿತು. ಉಪಲಕ್ಷಣವನ್ನೇ ಲಕ್ಷಣವೆಂದು ಹಿಡಿದುದು ನನ್ನಂತಹವರ ಪ್ರಮಾದ.

ಇನ್ನೊಂದು ಯುಕ್ತಿಯೂ ಇದೆ. ಅಪವಾದವು ತನ್ನ ವಿಷಯದಲ್ಲಿ ಮಾತ್ರ ಉತ್ಸರ್ಗವನ್ನು ಬಾಧಿಸುತ್ತದೆ. ಗೋಲ್‌ಕೀಪರನ ವಿಶೇಷಾಧಿಕಾರವು ಕೈಗೆ ಸಂಬಂಧಿಸಿದ್ದು. ಅದು ಎಣಿಕೆಯ ವಿಷಯಕ್ಕೆ ಹರಿಯಲಾರದು. ಇದಕ್ಕೆ ನಿಯಮದಲ್ಲಿಯೇ ಸಾಕ್ಷಿಯುಂಟು. ಆಫ್‌ಸೈಡ್ ಸ್ಥಾನವನ್ನು ಅಳೆಯುವಾಗ ಕೈ ತೋಳುಗಳನ್ನು ಗಣಿಸಬಾರದೆಂದು ಹೇಳುವಲ್ಲಿ, ಗೋಲ್‌ಕೀಪರರ ಕೈ ತೋಳುಗಳನ್ನೂ ಗಣಿಸಬಾರದೆಂದು ನಿಯಮವು ಸ್ಪಷ್ಟವಾಗಿ ಹೇಳುತ್ತದೆ. ಸ್ಥಾನನಿರ್ಣಯದಲ್ಲಿ ಅವನ ಹೆಸರು ಬರುವುದು ಅವನೂ ಎಲ್ಲರಂತೆಯೇ ಎಂದು ತಿಳಿಸುವುದಕ್ಕಾಗಿಯೇ.

ಜಗತ್ತೆಲ್ಲ ನೋಡಿದ ಒಂದು ಉದಾಹರಣೆಯಿಂದ ಇದು ದೃಢವಾಗುತ್ತದೆ. ೨೦೧೦ನೆಯ ಇಸವಿಯ ಜೂನ್ ೧೧ರಂದು ಜೋಹಾನ್ಸ್‌ಬರ್ಗಿನಲ್ಲಿ ವಿಶ್ವಕಪ್ಪಿನ ಮೊದಲ ಪಂದ್ಯವು ದಕ್ಷಿಣ ಆಫ್ರಿಕಕ್ಕೂ ಮೆಕ್ಸಿಕೋ ದೇಶಕ್ಕೂ ನಡೆಯಿತು. ಕಾರ್ನರಿನಿಂದ ಬಂದ ಚೆಂಡಿಗಾಗಿ ದಕ್ಷಿಣ ಆಫ್ರಿಕದ ಗೋಲ್‌ಕೀಪರ್ ಖೂನೆ ಮುಂದೆ ಬಂದಿದ್ದನು. ಚೆಂಡು ಮೆಕ್ಸಿಕೋದವನೊಬ್ಬನ ತಲೆಗೆ ತಗುಲಿ, ಗೋಲಿನ ಬಳಿಯಿದ್ದ ಅವನ ಸಂಗಡಿಗ ವೇಲಾನಿಗೆ ದೊರೆಯಿತು. ಗೋಲುಗೆರೆಯ ಮೇಲೆ ಒಬ್ಬನೇ ರಕ್ಷಕನಿದ್ದನು. ವೇಲಾ ಹೊಡೆದ ಗೋಲನ್ನು ಉಜ್ಬೆಕಿಸ್ತಾನದ ತೀರ್ಪುಗಾರ ಇರ್ಮಾತೊವ್ ಅವರು ತಳ್ಳಿಹಾಕಿದರು. ಗೆರೆಯ ಮೇಲೆ ಒಬ್ಬನಿದ್ದನಲ್ಲ ಎಂದು ನೋಡುತ್ತಿದ್ದ ಅನೇಕರು ಬೆರಗಾದರು. ತೀರ್ಪು ಸರಿಯಾಗಿಯೇ ಇತ್ತು, ಏಕೆಂದರೆ ಇಬ್ಬರಿರಲಿಲ್ಲ. ಭೀಮೆಯ ಬಯಲಿನಲ್ಲಿ ನಡೆದುದೂ ಅಕ್ಷರಶಃ ಇದೇ.

ನಮ್ಮ ನಾಡಿನ ಸಂಬಂಧ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳೂ ಇಂದು ಕಲಬುರಗಿ ಜಿಲ್ಲೆಗೆ ಸೇರಿವೆ. ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಒಳಪಟ್ಟಿದ್ದವು. ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯವನ್ನು ಸೇರಿದವು. ಆದುದರಿಂದ ಕಾಲ್ಚೆಂಡಾಟದ ವಿಷಯದಲ್ಲಿ ಈ ಸೀಮೆಗೆ ಇಬ್ಬಗೆಯ ಪರಂಪರೆಯಿದೆ. ಒಂದು ಹೈದರಾಬಾದಿನದು. ಉಪಾಧ್ಯಾಯರಾಗಿದ್ದ ಸೈಯದ್ ಅಬ್ದುಲ್ ರಹೀಮರು ೧೯೪೩ರಿಂದ ೧೯೬೩ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯ ಫುಟ್‌ಬಾಲ್ ಸಂಘದ ಕಾರ್ಯದರ್ಶಿಗಳಾಗಿದ್ದರು; ೧೯೫೧ರ ಮತ್ತು ೧೯೬೨ರ ಏಷ್ಯನ್ ಕ್ರೀಡೆಗಳಲ್ಲಿ ಭಾರತವು ಚಿನ್ನವನ್ನು ಗೆದ್ದುದು ಅವರ ಶಿಕ್ಷಣದಿಂದ. ಜಕಾರ್ತದಲ್ಲಿ ೧೯೬೨ರ ಸೆಪ್ಟೆಂಬರ್ ೪ರಂದು ದಕ್ಷಿಣ ಕೊರಿಯವನ್ನು ೨–೧ರಿಂದ ಸೋಲಿಸಿದ ಅಂತಿಮ ಪಂದ್ಯದಲ್ಲಿ ಗೋಲು ಕಾಯ್ದವರು ಹೈದರಾಬಾದಿನಲ್ಲಿ ಹುಟ್ಟಿದ ಪೀಟರ್ ತಂಗರಾಜರು.

ಇನ್ನೊಂದು ಮೈಸೂರು ಸೀಮೆಯದು. ಸ್ವತಂತ್ರ ಭಾರತದ ತಂಡವು ಮೊದಲ ಬಾರಿಗೆ ಒಲಿಂಪಿಕ್ ಕ್ರೀಡೆಗೆ ಹೋದಾಗ, ೧೯೪೮ರ ಜುಲೈ ೩೧ರಂದು ಲಂಡನ್ನಿನ ಇಲ್‌ಫರ್ಡಿನಲ್ಲಿ, ಫ್ರಾನ್ಸಿನ ಎದುರು ಗೋಲು ಕಾಯ್ದವರು ಬೆಂಗಳೂರಿನ ಕೆ. ವಿ. ವರದರಾಜರು. ತಂಡದವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದರು. ಭಾರತದ ಒಂದೇ ಗೋಲನ್ನು ಹೊಡೆದ ರಾಮನ್ ಅವರೂ ಬೆಂಗಳೂರಿನವರೇ. ಎರಡು ಪೆನಾಲ್ಟಿಗಳು ವ್ಯರ್ಥವಾದವು. ಸಮವಾಗಿದ್ದ ಪಂದ್ಯವನ್ನು ಫ್ರಾನ್ಸ್ ಕೊನೆಯ ನಿಮಿಷಗಳಲ್ಲಿ ೨–೧ರಿಂದ ಗೆದ್ದುಕೊಂಡಿತು. ಆ ದಿನ ನಮ್ಮ ಮೂರು ತಾಲ್ಲೂಕುಗಳ ಜನರು ಭಾರತ ಒಕ್ಕೂಟಕ್ಕೆ ಸೇರಿರಲೇ ಇಲ್ಲವೆಂಬುದನ್ನು ನೆನೆದರೆ ಚರಿತ್ರೆಯ ಗತಿಯು ವಿಚಿತ್ರವಾಗಿ ಕಾಣುತ್ತದೆ. ಇಂದು ಆ ಎರಡು ಪರಂಪರೆಗಳೂ ಈ ಸೀಮೆಯ ಹುಡುಗರಿಗೆ ಸೇರಿದವೇ.

ಪದದ ಅರ್ಥದಿಂದ ಹಕ್ಕು ನಿರ್ಣಯವಾಗುವುದು ಈ ಜಿಲ್ಲೆಗೆ ಹೊಸದೇನೂ ಅಲ್ಲ. ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಳ್ವಿಕೆಯಲ್ಲಿ ಯಾಜ್ಞವಲ್ಕ್ಯಸ್ಮೃ‌ತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನ ಹೆಸರು ಕಲಬುರಗಿ ಜಿಲ್ಲೆಯ ಮರತೂರಿನೊಡನೆ ಸೇರಿಕೊಂಡಿದೆ. ಸಪಿಂಡನೆಂಬ ಪದದಲ್ಲಿ ಪಿಂಡವೆಂದರೆ ಶ್ರಾದ್ಧದ ಅನ್ನವಲ್ಲ, ಶರೀರವೆಂದು ಅವನು ಅರ್ಥಮಾಡಿದನು. ಅನ್ನವೆಂದು ಹಿಡಿದ ಜೀಮೂತವಾಹನನ ದಾಯಭಾಗವು ವಂಗದೇಶದಲ್ಲಿ ನಡೆಯಿತು. ಶರೀರವೆಂದು ಹಿಡಿದ ಮಿತಾಕ್ಷರೆಯು ಉಳಿದ ಭಾರತದ ಬಹುಭಾಗದಲ್ಲಿ ನಡೆಯಿತು. ಒಂದು ಪದದ ಅರ್ಥಭೇದದಿಂದ ಶತಮಾನಗಳ ಕಾಲ ಆಸ್ತಿಗಳು ಬೇರೆ ಬೇರೆ ಕೈಗಳಿಗೆ ಹೋದವು. ದಾಯಕ್ಕೂ ಆಟಕ್ಕೂ ಮಹದಂತರವಿದ್ದರೂ, ಪದವನ್ನು ಅಳೆದು ನೋಡದೆ ತೀರ್ಪು ಕೊಡುವವನ ದೋಷವು ಎರಡು ಕಡೆಯೂ ಒಂದೇ.

ಉಪಸಂಹಾರ

ಈ ವಿಚಾರದಿಂದ ಗೋಲ್‌ಕೀಪರನ ಧರ್ಮವೂ ಸ್ಪಷ್ಟವಾಗುತ್ತದೆ. ಅವನು ಗೆರೆಯ ಮೇಲೆ ನೆಟ್ಟ ಮೂರನೆಯ ಕಂಬವಲ್ಲ. ಎತ್ತರದಿಂದ ಬರುವ ಚೆಂಡನ್ನು ಎದುರಾಳಿಯ ತಲೆಗೆ ತಗುಲುವ ಮುನ್ನ ಮುಂದೆ ಹೋಗಿ ಹಿಡಿಯುವುದು, ಹಿಡಿಯಲಾಗದಿದ್ದರೆ ಮುಷ್ಟಿಯಿಂದ ದೂರ ಕಳುಹುವುದು, ಒಂಟಿಯಾಗಿ ನುಗ್ಗುವವನಿಗೆ ಎದುರಾಗಿ ಹೋಗಿ ಗೋಲನ್ನು ಅವನ ಕಣ್ಣಿಗೆ ಕಿರಿದು ಮಾಡುವುದು, ಹಿಂದಿನಿಂದ ಎಲ್ಲವನ್ನೂ ಕಾಣುವವನಾದ್ದರಿಂದ ರಕ್ಷಕರನ್ನು ಕೂಗಿ ಸಾಲು ಹಿಡಿಸುವುದು, ಇವೆಲ್ಲ ಅವನ ಕೆಲಸಗಳು. ಹಾಗೆ ಮುಂದೆ ಹೋದಾಗ ಗೋಲು ಬರಿದಾಗುತ್ತದೆಂಬುದು ಅರ್ಧಸತ್ಯ. ಅವನು ಹೋದ ಕ್ಷಣದಲ್ಲಿ ಎಣಿಕೆಯೂ ಬದಲಾಗುತ್ತದೆ. ಅವನ ಬೆನ್ನಿನ ಹಿಂದೆ ಚೆಂಡಿಗಾಗಿ ನಿಂತ ಎದುರು ಪಕ್ಷದವನಿಗೆ ಇಬ್ಬರು ರಕ್ಷಕರ ಆಸರೆ ಬೇಕಾಗುತ್ತದೆ. ಒಬ್ಬನೇ ಇದ್ದರೆ ನಿಯಮವೇ ಆ ಬರಿದಾದ ಗೋಲನ್ನು ಕಾಯುತ್ತದೆ. ದೃಷ್ಟಿಗೆ ಅಡ್ಡ ನಿಂತು ಅವನನ್ನು ಮರೆಮಾಡುವ ಆಫ್‌ಸೈಡಿನವನನ್ನೂ ನಿಯಮವು ಶಿಕ್ಷಿಸುತ್ತದೆ.

ನಮ್ಮ ಶಾಲೆಗಳಲ್ಲಿ ಆಟವನ್ನು ಆಡಿಸುತ್ತಾರೆ. ನಿಯಮವಾದರೋ ಹುಡುಗರಿಂದ ಹುಡುಗರಿಗೆ ಕರ್ಣಪರಂಪರೆಯಿಂದ ಬರುತ್ತದೆ. ಸಾಹಿತ್ಯದ ಅಧ್ಯಾಪಕರು ಸಂಧಿ ಸಮಾಸಗಳನ್ನು ಬೋಧಿಸುವಂತೆಯೇ ಒಂದು ದಿನ ಈ ಹನ್ನೊಂದನೆಯ ನಿಯಮವನ್ನೂ ಕಪ್ಪುಹಲಗೆಯ ಮೇಲೆ ಬರೆದು, ಯಾವ ಪದವು ಇದೆ, ಯಾವುದು ಇಲ್ಲ ಎಂದು ಹುಡುಗರಿಂದಲೇ ಹೇಳಿಸಿದರೆ ವಾಕ್ಯಾರ್ಥವಿಚಾರಕ್ಕೆ ಅದಕ್ಕಿಂತ ಒಳ್ಳೆಯ ಪಾಠವು ದೊರೆಯಲಾರದು. ಆಫ್‌ಸೈಡ್, ಗೋಲ್‌ಕೀಪರ್ ಎಂಬ ಮಾತುಗಳಿಗೆ ಸಂಸ್ಕೃತದಿಂದ ಹೊಸ ಪದಗಳನ್ನು ಕಟ್ಟಬೇಕೆಂದು ನಾನು ಹೇಳುವವನಲ್ಲ. ಅವು ನಮ್ಮ ಹುಡುಗರ ಬಾಯಲ್ಲಿ ಕನ್ನಡವೇ ಆಗಿವೆ. ಪದವನ್ನು ಬದಲಾಯಿಸುವುದಕ್ಕಿಂತ ಅರ್ಥವನ್ನು ಸರಿಪಡಿಸುವುದೇ ಅವಶ್ಯವಾದ ಕೆಲಸ.

ಕಡೆಯದಾಗಿ, ಬೇವಿನ ಮರದ ಕೆಳಗೆ ನಾನು ಕೊಟ್ಟ ತೀರ್ಪನ್ನು ಈ ಪುಟದಲ್ಲಿ ಹಿಂತೆಗೆದುಕೊಳ್ಳುತ್ತೇನೆ. ಆಳಂದದವರ ಆ ಗೋಲು ಸಲ್ಲತಕ್ಕದ್ದಾಗಿರಲಿಲ್ಲ, ಪಂದ್ಯವು ಸಮವಾಗಿತ್ತು. ಜೇವರ್ಗಿಯ ಹುಡುಗನು ಚೆಂಡಿಗೇ ಹೋಗಿದ್ದನು, ಹೋದದ್ದು ಸರಿಯಾಗಿತ್ತು. ಈ ಲೇಖನದ ಒಂದು ಪ್ರತಿಯನ್ನು ಅವನಿಗೂ ಕಳುಹಿಸಿದ್ದೇನೆ.